ಬೆರಳು ಹೋದರೆ ಕೆಲಸವೂ ಹೋಗಬೇಕೆ?

ಬಾಗಲಗುಂಟೆಯ ಬಾಡಿಗೆ ರೂಮುಗಳಿಂದ ಬೆಳಿಗ್ಗೆ ಹೊರಟು ದಾಸರಹಳ್ಳಿ, ಪೀಣ್ಯದ ಕಡೆ ಹೋಗುವ ಜನ ಯಾರು ಎಂಬುದನ್ನು ನಮ್ಮ ಹಾಸ್ಟೆಲ್ ಗೆಳೆಯರಿಗೆ ಹೇಳಿಕೊಡಬೇಕಾಗಿಲ್ಲ. ಅವರು ನಮ್ಮ ಅಣ್ಣಂದಿರು, ಭಾವಂದಿರು, ನಮ್ಮ ಜೊತೆಗೇ ಎಸ್ಸೆಸ್ಸೆಲ್ಸಿ ಬರೆದು ಅಲ್ಲಿಗೇ ನಿಂತವರು, ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬಂದವರು. ತುಮಕೂರು, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕೇರಿಗಳಿಂದ ಬಂದವರು. ಈಚೆಗೆ ಬಿಹಾರ, ಒಡಿಶಾದಿಂದ ಬಂದು ಅದೇ ವಠಾರದಲ್ಲಿ ಅನ್ನ ಬೇಯಿಸಿಕೊಳ್ಳುವವರೂ ಸೇರಿದ್ದಾರೆ. ಇವತ್ತು ಹಾಸ್ಟೆಲಿನಲ್ಲಿ ಓದುತ್ತಿರುವ ನಮ್ಮಲ್ಲೂ ಎಷ್ಟೋ ಜನ ನಾಳೆ ಅದೇ ದಾರಿ ಹಿಡಿಯುವವರೇ. ಆದ್ದರಿಂದ ಆ ಗೇಟಿನೊಳಗೆ ಯಂತ್ರಕ್ಕೆ ಕೈ ಸಿಕ್ಕಿದವನ ಗತಿ ಏನು, ಕಾನೂನು ಅವನಿಗೆ ಏನು ಕೊಟ್ಟಿದೆ, ಏನು ಕೊಟ್ಟಿಲ್ಲ, ಕೊಟ್ಟದ್ದು ಯಾಕೆ ಅವನ ಕೈಗೆ ಬರುವುದಿಲ್ಲ ಎಂಬುದನ್ನು ಈ ಸಂಚಿಕೆಯಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ನಡೆಯುವುದು ಹೀಗೆ. ಪವರ್ ಪ್ರೆಸ್ಸಿನಲ್ಲಿ ತಗಡು ಇಡುವ ಕೈ ಒಳಗಿರುವಾಗಲೇ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಎರಡೂ ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತೆ ಮಾಡಬಹುದು, ಕೈ ಒಳಗಿದ್ದರೆ ಯಂತ್ರ ನಿಲ್ಲುವಂತೆ ಮಾಡಬಹುದು. ಇವೇನೂ ಹೊಸ ವಿದ್ಯೆಯಲ್ಲ. ಆದರೆ ಅದರಿಂದ ಗಂಟೆಗೆ ಬೀಳುವ ಪೀಸು ಕಡಿಮೆಯಾಗುತ್ತದೆ ಅಂತ ಗಾರ್ಡ್ ಬಿಚ್ಚಿಡುತ್ತಾರೆ. ಬೆರಳು ಹೋದವನನ್ನು ಆಸ್ಪತ್ರೆಗೆ ಹಾಕುತ್ತಾರೆ. ಇಎಸ್‌ಐ ನಂಬರ್ ಇದ್ದರೆ ಅವನ ಪುಣ್ಯ. ಇಲ್ಲದಿದ್ದರೆ ಅಪಘಾತವಾದ ಮೇಲೆ ತರಾತುರಿಯಲ್ಲಿ ನಂಬರ್ ಮಾಡಿಸುವ ಕಂಟ್ರಾಕ್ಟರುಗಳೂ ಇದ್ದಾರೆ. ಗಾಯ ಮಾಯ್ದು ಎರಡು ಮೂರು ತಿಂಗಳಿಗೆ ಅವನು ಗೇಟಿಗೆ ಬಂದರೆ ಸೆಕ್ಯುರಿಟಿಯವನು ಒಳಗೆ ಬಿಡುವುದಿಲ್ಲ. 'ನಿನ್ನ ಜಾಗಕ್ಕೆ ಬೇರೆಯವನು ಬಂದಾಯ್ತು' ಎಂಬುದು ಸೂಪರ್‌ವೈಸರನ ಮಾತು. 'ನೀನು ನಮ್ಮ ಆಳೇ ಅಲ್ಲ, ಕಂಟ್ರಾಕ್ಟರನ ಆಳು' ಎಂಬುದು ಆಫೀಸಿನ ಮಾತು. ಕಂಟ್ರಾಕ್ಟರ್ ಫೋನೇ ಎತ್ತುವುದಿಲ್ಲ.

ಹೋದ ಬೆರಳಿಗೆ ಕಾನೂನಿನಲ್ಲಿ ರೇಟು ಇದೆ. 1923ರ ಕಾಮಗಾರರ ಪರಿಹಾರ ಕಾಯಿದೆಯ ಜೊತೆ ಒಂದು ಪಟ್ಟಿ ಸೇರಿಸಿದ್ದರು. ಯಾವ ಅಂಗ ಹೋದರೆ ಮನುಷ್ಯನ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋದಂತೆ ಎಂಬುದರ ಪಟ್ಟಿ ಅದು. ಹೆಬ್ಬೆರಳು ಹೋದರೆ 30. ತೋರುಬೆರಳು ಪೂರಾ ಹೋದರೆ 14. ನಡುಬೆರಳು 12. ಉಂಗುರದ ಬೆರಳಾಗಲಿ ಕಿರುಬೆರಳಾಗಲಿ 7. ಒಂದು ಕೈಯ ನಾಲ್ಕು ಬೆರಳೂ ಹೋದರೆ 50. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಆ ಹಳೇ ಕಾಯಿದೆಯ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಕೂತಿದೆ. ಕಾಯಿದೆಯ ಹೆಸರು ಬದಲಾಯಿತು. ಆದರೆ ಪರಿಹಾರ ಎನ್ನುವುದು ಹೋದ ಅಂಗಕ್ಕೆ ಕಟ್ಟುವ ಬೆಲೆಯೇ ಹೊರತು ಉಳಿದ ಮನುಷ್ಯನಿಗೆ ಕೊಡುವ ಕೆಲಸವಲ್ಲ. ತೋರುಬೆರಳು ಹೋದವನ ಶಕ್ತಿ 14 ಹೋಗಿದೆ ಅಂತ ಕಾನೂನೇ ಲೆಕ್ಕ ಹಾಕಿದರೆ 86 ಉಳಿದಿದೆ ಎಂದಾಯಿತಲ್ಲ? ಆ 86ಕ್ಕೆ ಕೆಲಸ ಎಲ್ಲಿ? ನಾವು ಕೇಳುವ ಪ್ರಶ್ನೆ ಇದು.

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಅಂಗವಿಕಲರ ಉದ್ಯೋಗದ ಕಾನೂನು ಹೇಗೆ ತಯಾರಾಯಿತು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ನಮ್ಮ ಸಂವಿಧಾನದ 16ನೇ ವಿಧಿಯ ಎರಡನೇ ಕಲಮು ಸರ್ಕಾರಿ ಕೆಲಸದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಕುಲ, ಹುಟ್ಟಿದ ಊರು, ವಾಸದ ಜಾಗ ನೋಡಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ಅಂಗವೈಕಲ್ಯ ಇಲ್ಲ. 41ನೇ ವಿಧಿಯಲ್ಲಿ ಅದರ ಹೆಸರು ಬರುತ್ತದೆ. ಆದರೆ ಅದು ನಿರ್ದೇಶಕ ತತ್ವ, ಸರ್ಕಾರ ತನ್ನ ಶಕ್ತಿಯಿದ್ದಷ್ಟು ನೆರವು ಕೊಡಬೇಕೆಂಬ ಮಾತು. ಅದನ್ನು ಹಿಡಿದು ನೇರವಾಗಿ ಕೋರ್ಟಿಗೆ ಹೋಗಲಾಗದು. 1977ರಲ್ಲಿ ಕೇಂದ್ರ ಸರ್ಕಾರ ಸಿ ಮತ್ತು ಡಿ ಗುಂಪಿನ ಕೆಲಸಗಳಲ್ಲಿ ಶೇಕಡಾ 3 ಮೀಸಲಾತಿ ಕೊಟ್ಟಿತು. ಅದು ಬರೀ ಆದೇಶ. ಕಾಯಿದೆ ಬರಲು ಇನ್ನೂ 18 ವರ್ಷ ಹಿಡಿಯಿತು. ಅದೂ ತಾನಾಗಿ ಬರಲಿಲ್ಲ. ಏಷ್ಯಾದ ದೇಶಗಳು 1992ರಲ್ಲಿ ಬೀಜಿಂಗಿನಲ್ಲಿ ಸೇರಿ ಮಾಡಿದ ಘೋಷಣೆಗೆ ಭಾರತ ಒಪ್ಪಿತ್ತು. ದೆಹಲಿಯಲ್ಲಿ ಜಾವೇದ್ ಅಬಿದಿಯಂಥವರು ಗಾಲಿಕುರ್ಚಿಯಲ್ಲಿ ಕೂತೇ ಬೀದಿಗಿಳಿದಿದ್ದರು. 1995ರ ಡಿಸೆಂಬರಿನಲ್ಲಿ ಸಂಸತ್ತು ಕಾಯಿದೆ ಮಾಡಿತು. 1996ರ ಫೆಬ್ರವರಿ 7ರಂದು ಜಾರಿಗೆ ಬಂತು.

ಆ ಕಾಯಿದೆಯ 47ನೇ ಕಲಮು ಬಹಳ ದೊಡ್ಡದು. ಕೆಲಸದಲ್ಲಿರುವಾಗ ಅಂಗವಿಕಲನಾದವನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಹಳೇ ಕೆಲಸ ಅವನಿಂದ ಆಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ಅಂಥ ಕೆಲಸ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಮಾಡಿಯಾದರೂ ಇಟ್ಟುಕೊಳ್ಳಬೇಕು. ಕೆಲಸದ ಮೇಲಿದ್ದಾಗ ಪೆಟ್ಟಾಗಿ ಕಾಲು ಕಳೆದುಕೊಂಡ ಕುನಾಲ್ ಸಿಂಗ್ ಎಂಬ ಕಾನ್‌ಸ್ಟೇಬಲನ್ನು ಮನೆಗೆ ಕಳಿಸಿದ್ದರು. 2003ರಲ್ಲಿ ಸುಪ್ರೀಂ ಕೋರ್ಟು ಇದೇ ಕಲಮಿನ ಮೇಲೆ ಆತನ ಪರ ತೀರ್ಪು ಕೊಟ್ಟಿತು.

ಹಾಗಾದರೆ ಪೀಣ್ಯದಲ್ಲಿ ಬೆರಳು ಹೋದವನಿಗೂ ಇದು ಸಿಗಬೇಕಿತ್ತಲ್ಲ? ಸಿಗಲಿಲ್ಲ. ಯಾಕೆಂದರೆ ಕಾಯಿದೆಯ ಮೊದಲ ಪುಟದಲ್ಲೇ 'ಸಂಸ್ಥೆ' ಎಂದರೆ ಯಾವುದು ಅಂತ ಅರ್ಥ ಬರೆದಿದ್ದರು. ಸರ್ಕಾರಿ ಇಲಾಖೆ, ಸರ್ಕಾರಿ ಕಂಪನಿ, ಸರ್ಕಾರದ ಅನುದಾನ ಪಡೆಯುವ ಸಂಸ್ಥೆ, ಸ್ಥಳೀಯ ಸಂಸ್ಥೆ, ಇಷ್ಟೆ. ಖಾಸಗಿ ಕಾರ್ಖಾನೆ ಅದರೊಳಗೆ ಬರಲಿಲ್ಲ. ಖಾಸಗಿಯವರಿಗೆ ಬರೆದದ್ದು ಏನಪ್ಪಾ ಅಂದರೆ, ತಮ್ಮ ಕೆಲಸಗಾರರಲ್ಲಿ ಶೇಕಡಾ 5 ಅಂಗವಿಕಲರು ಇರುವಂತೆ ಅವರಿಗೆ ಸರ್ಕಾರ 'ಪ್ರೋತ್ಸಾಹ' ಕೊಡಬೇಕು, ಅದೂ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ. ಸರ್ಕಾರಕ್ಕೆ ಕಡ್ಡಾಯ, ಮಾಲೀಕನಿಗೆ ಪ್ರೋತ್ಸಾಹ. ಇನ್ನೊಂದು ಕಡೆ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ 'ನಿರಂತರ ಅನಾರೋಗ್ಯ'ದ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದು ರಿಟ್ರೆಂಚ್‌ಮೆಂಟ್ ಆಗುವುದಿಲ್ಲ ಎಂಬ ಸಾಲು ಇತ್ತು. ಕೆಲಸ ಕಳೆದುಕೊಂಡವನಿಗೆ ಸಿಗಬೇಕಾದ ಪರಿಹಾರವನ್ನು ತಪ್ಪಿಸಿಕೊಳ್ಳಲು ಈ ಸಾಲು ಮಾಲೀಕನಿಗೆ ದಾರಿ ತೋರಿಸುತ್ತಿತ್ತು.

ಆಮೇಲೆ ವಿಶ್ವಸಂಸ್ಥೆಯ ಒಡಂಬಡಿಕೆ ಬಂತು. 2007ರ ಅಕ್ಟೋಬರ್ 1ರಂದು ಭಾರತ ಅದನ್ನು ಒಪ್ಪಿ ಸಹಿ ಖಾಯಂ ಮಾಡಿತು. ಹೊಸ ಕಾಯಿದೆ ಬೇಕೆಂದಾಯಿತು. 2014ರ ಫೆಬ್ರವರಿಯಲ್ಲಿ ರಾಜ್ಯಸಭೆಗೆ ಬಂದ ಮಸೂದೆಯಲ್ಲಿ ಸರ್ಕಾರಿ ಕೆಲಸದ ಮೀಸಲಾತಿ ಶೇಕಡಾ 5 ಎಂದಿತ್ತು. ಕಾನೂನು ಮುರಿದವನಿಗೆ ಜೈಲೂ ಇತ್ತು. 2016ರ ಡಿಸೆಂಬರಿನಲ್ಲಿ ಪಾಸಾಗಿ ಹೊರಗೆ ಬರುವಷ್ಟರಲ್ಲಿ 5 ಹೋಗಿ 4 ಆಯಿತು. ಜೈಲು ಹೋಗಿ ದಂಡ ಉಳಿಯಿತು. ಮೊದಲ ಸಲ ಮುರಿದರೆ 10 ಸಾವಿರ ರೂಪಾಯಿಯ ತನಕ, ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷದ ತನಕ. ಮಸೂದೆ ಕಾಯಿದೆಯಾಗುವ ದಾರಿಯಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಕಳೆದುಹೋಗುವುದು ಯಾವಾಗಲೂ ದುರ್ಬಲನ ಕಡೆಯದ್ದೇ.

ಈ 2016ರ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರಲ್ಲಿ ಒಳ್ಳೆಯದೂ ಇದೆ. ಅಂಗವೈಕಲ್ಯದ ಬಗೆಗಳು 7 ಇದ್ದದ್ದು 21 ಆದವು. 'ಸಂಸ್ಥೆ' ಎಂಬ ಮಾತಿಗೆ ಖಾಸಗಿ ಸಂಸ್ಥೆಯೂ ಸೇರಿತು. ಕೆಲಸಗಾರನಿಗೆ ಬೇಕಾದ ಸಣ್ಣಪುಟ್ಟ ಅನುಕೂಲ, ಎತ್ತರದ ಸ್ಟೂಲು, ಎಡಗೈಗೆ ಸಿಗುವ ಸ್ವಿಚ್ಚು, ಬೇರೆ ಪಾಳಿ, ಇಂಥದ್ದನ್ನು ಕಾರಣವಿಲ್ಲದೆ ನಿರಾಕರಿಸುವುದೂ ತಾರತಮ್ಯವೇ ಎಂದು ಬರೆದರು. ಆದರೆ ಉದ್ಯೋಗದ 20ನೇ ಕಲಮಿಗೆ ಬನ್ನಿ. ಹಳೇ 47ನೇ ಕಲಮಿನ ರಕ್ಷಣೆ ಈಗ ಕೂತಿರುವುದು ಇಲ್ಲಿ, ನಾಲ್ಕನೇ ಉಪಕಲಮಿನಲ್ಲಿ. ಕೆಲಸದಲ್ಲಿದ್ದಾಗ ಅಂಗವಿಕಲನಾದವನನ್ನು ತೆಗೆಯುವ ಹಾಗಿಲ್ಲ. ಯಾರು ತೆಗೆಯುವ ಹಾಗಿಲ್ಲ? 'ಸರ್ಕಾರಿ ಸಂಸ್ಥೆ' ತೆಗೆಯುವ ಹಾಗಿಲ್ಲ. ಕಾಯಿದೆಯೊಳಗೆ ಖಾಸಗಿಯನ್ನು ಕರೆದುಕೊಂಡು ಬಂದವರು ಈ ಕಲಮಿನ ಬಾಗಿಲಲ್ಲಿ ಮಾತ್ರ 'ಸರ್ಕಾರಿ' ಎಂಬ ಒಂದು ಪದ ಹಾಕಿ ಅದನ್ನು ಹೊರಗೆ ನಿಲ್ಲಿಸಿದರು. ಬಸ್ ಡಿಪೋದಲ್ಲಿ ಕೈ ಮುರಿದವನಿಗೆ ಬೇರೆ ಕೆಲಸ ಕೇಳುವ ಹಕ್ಕು ಇದೆ. ರಸ್ತೆಯಾಚೆಯ ಶೆಡ್ಡಿನಲ್ಲಿ ಕೈ ಮುರಿದವನಿಗೆ ಇಲ್ಲ. ಇಬ್ಬರ ಕೈಯೂ ಕೈಯೇ ಅಲ್ಲವೆ?

ಖಾಸಗಿಯವರಿಗೆ ಈ ಕಾಯಿದೆ ಏನೂ ಹೇಳುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 3ನೇ ಕಲಮಿನ ಪ್ರಕಾರ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ತಾರತಮ್ಯದಿಂದ ನೋಡುವ ಹಾಗಿಲ್ಲ. ಆದರೆ ಅದಕ್ಕೊಂದು ಕಿಂಡಿ ಇಟ್ಟಿದ್ದಾರೆ. ಮಾಡಿದ್ದು 'ನ್ಯಾಯವಾದ ಉದ್ದೇಶಕ್ಕೆ ತಕ್ಕ ಪ್ರಮಾಣದ ಕ್ರಮ' ಎಂದು ತೋರಿಸಿದರೆ ತಪ್ಪಿಲ್ಲವಂತೆ. ಉತ್ಪಾದನೆ ಹೆಚ್ಚಿಸುವುದೂ ನ್ಯಾಯವಾದ ಉದ್ದೇಶ ಅಂತ ಮಾಲೀಕನ ವಕೀಲ ವಾದಿಸದೆ ಬಿಡುತ್ತಾನೆಯೆ? 92ನೇ ಕಲಮು ನೋಡಿ. ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅಂಗವಿಕಲನನ್ನು ಹೀಯಾಳಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಈ ಮಾತು ನಮಗೆ ಗುರುತಿನದು. 1989ರ ನಮ್ಮ ದೌರ್ಜನ್ಯ ತಡೆ ಕಾಯಿದೆಯಲ್ಲಿರುವ ಮಾತೇ ಇದು. ಒಳ್ಳೆಯದೇ. ಆದರೆ ಗೇಟಿನಲ್ಲಿ 'ಮೊಂಡ' ಎಂದು ಬೈದವನಿಗೆ ಜೈಲು, ಅವನ ಅನ್ನವನ್ನೇ ಕಿತ್ತುಕೊಂಡವನಿಗೆ 10 ಸಾವಿರ ರೂಪಾಯಿ! ಯಾವುದು ದೊಡ್ಡ ಅವಮಾನ ಎಂದು ಕೆಲಸ ಕಳೆದುಕೊಂಡವನನ್ನೇ ಕೇಳಿ.

ಇನ್ನು ಜಾರಿ ಮಾಡುವವರು ಯಾರು? ಈ ಕಾಯಿದೆಗೆಂದೇ ಕಾರ್ಖಾನೆಗೆ ಹೋಗಿ ನೋಡುವ ಇನ್ಸ್‌ಪೆಕ್ಟರ್ ಇಲ್ಲ. ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸುವ ಸಿವಿಲ್ ಕೋರ್ಟಿನ ಅಧಿಕಾರ ಅವರಿಗಿದೆ. ಆದರೆ ಕೊನೆಗೆ ಅವರು ಮಾಡಬಹುದಾದ್ದು ಶಿಫಾರಸು. ಶಿಫಾರಸನ್ನು ಒಪ್ಪದವರು ಮೂರು ತಿಂಗಳೊಳಗೆ ಕಾರಣ ಬರೆದು ತಿಳಿಸಿದರೆ ಮುಗಿಯಿತು.

ಸರ್ಕಾರವಾದರೂ ತಾನೇ ಬರೆದ ಕಾನೂನನ್ನು ತಾನಾಗಿ ಪಾಲಿಸಿತೆ? ಅದೂ ಇಲ್ಲ. ಶೇಕಡಾ 3ನ್ನು ಒಟ್ಟು ಹುದ್ದೆಗಳ ಮೇಲೆ ಲೆಕ್ಕ ಹಾಕದೆ, ಅಂಗವಿಕಲರಿಗೆ ಇದು ಸಾಕು ಅಂತ ತಾನೇ ಗುರುತಿಸಿದ ಕೆಲವು ಹುದ್ದೆಗಳ ಮೇಲೆ ಮಾತ್ರ ಲೆಕ್ಕ ಹಾಕುತ್ತಿದ್ದರು. ಅಂಧರ ರಾಷ್ಟ್ರೀಯ ಒಕ್ಕೂಟ ಕೋರ್ಟಿಗೆ ಹೋಗಿ 2013ರ ಅಕ್ಟೋಬರಿನಲ್ಲಿ ಆ ಮೋಸದ ಲೆಕ್ಕವನ್ನು ತಿದ್ದಿಸಿತು. ಬಡ್ತಿಯಲ್ಲಿ ಮೀಸಲಾತಿ ಇಲ್ಲವೆಂದು ವಾದಿಸಿದರು. ಸಿದ್ದರಾಜು ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ 2020ರ ಜನವರಿ 14ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬಡ್ತಿಯಲ್ಲೂ ಅಂಗವಿಕಲರಿಗೆ ಮೀಸಲಾತಿ ಸಲ್ಲುತ್ತದೆ ಎಂದಿತು. ನಮ್ಮ ರಾಜ್ಯದ ಹೆಸರಿನ ಮೊಕದ್ದಮೆಯೇ ದೇಶಕ್ಕೆಲ್ಲ ದಾರಿಯಾಯಿತು. ಕಾನೂನು ಪುಸ್ತಕದಲ್ಲಿದ್ದರೂ ಯಾರೋ ಒಬ್ಬರು ಹಟ ಹಿಡಿದು ಬಡಿದಾಡದೆ ಅದು ಇಳಿದು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪಾಠ ಬೇಡ.

'ಇದು ಅಂಗವಿಕಲರ ಸಮಸ್ಯೆ, ದಲಿತರ ಪತ್ರಿಕೆಗೆ ಯಾಕೆ?' ಎಂದು ಕೇಳುವ ಗೆಳೆಯರಿದ್ದಾರೆ. 2011ರ ಜನಗಣತಿ ನೋಡಿ. ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು. ದೇಶದ ಒಟ್ಟು ಜನರಲ್ಲಿ ಅವರು ಶೇಕಡಾ 2.21. ಪರಿಶಿಷ್ಟ ಜಾತಿಗಳಲ್ಲಿ ಮಾತ್ರ 2.45. ಯಾಕೆ ಹೆಚ್ಚು? ದೇವರ ಶಾಪವೂ ಅಲ್ಲ, ಹಿಂದಿನ ಜನ್ಮದ ಕರ್ಮವೂ ಅಲ್ಲ. ಕಲ್ಲು ಕ್ವಾರಿ, ಮ್ಯಾನ್‌ಹೋಲು, ಕಟ್ಟಡದ ಸಾರುವೆ, ಗಾರ್ಡ್ ಬಿಚ್ಚಿದ ಪ್ರೆಸ್ಸು, ಇವುಗಳ ಹತ್ತಿರ ಯಾರನ್ನು ನಿಲ್ಲಿಸಿದ್ದಾರೆ ಎಂದು ನೋಡಿದರೆ ಸಾಕು. ಹೊಟ್ಟೆಗಿಲ್ಲದ ತಾಯಿ, ಆಸ್ಪತ್ರೆಯಿಲ್ಲದ ಕೇರಿ, ಇವನ್ನೂ ಸೇರಿಸಿ. ಕರ್ಮ ಎಂಬ ಮಾತಿನಿಂದಲೇ ನಮ್ಮನ್ನು ಊರ ಹೊರಗೆ ಇಟ್ಟರು. ಅದೇ ಮಾತಿನಿಂದ ಅಂಗವಿಕಲನನ್ನು ಮನೆಯ ಮೂಲೆಗೆ ಹಾಕಿದರು. ಹೆಸರಿಡುವುದರಲ್ಲೂ ಅದೇ ಬುದ್ಧಿ. ನಮಗೆ ಹಕ್ಕು ಕೊಡುವ ಬದಲು ಹರಿಜನ ಎಂದು ಹೆಸರಿಟ್ಟರು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ಅಂಗವಿಕಲರನ್ನು 'ದಿವ್ಯಾಂಗ'ರೆಂದು ಕರೆಯಿರಿ ಎಂದರು. ದಿವ್ಯವಾದ ಅಂಗ ಯಾರಿಗೆ ಬೇಕು ಸ್ವಾಮಿ, ತಿಂಗಳ ಸಂಬಳ ಬೇಕು.

ಬೇರೆ ದೇಶದ ಮಾತೊಂದು ಇಲ್ಲಿ ಹೇಳಬೇಕು. ಅಮೆರಿಕದಲ್ಲಿ 1973ರಲ್ಲೇ ಸರ್ಕಾರದ ಹಣ ಪಡೆಯುವ ಕಡೆ ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಎಂಬ ಕಲಮು ಬಂತು. ಆದರೆ ನಿಯಮಗಳಿಗೆ ಸಹಿ ಹಾಕದೆ ನಾಲ್ಕು ವರ್ಷ ತಳ್ಳಿದರು. 1977ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಅಂಗವಿಕಲರು ಹೋಗಿ ಕೂತರು. ಮೂರು ವಾರಕ್ಕೂ ಮೇಲೆ ಕದಲಲಿಲ್ಲ. ಅವರಿಗೆ ದಿನಾ ಬಿಸಿ ಊಟ ತಂದು ಕೊಟ್ಟವರು ಯಾರು ಗೊತ್ತೆ? ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. 1972ರಲ್ಲಿ ಮಹಾರಾಷ್ಟ್ರದ ದಲಿತ ಯುವಕರು ತಮ್ಮ ಸಂಘಟನೆಗೆ ಯಾರ ಹೆಸರಿಟ್ಟುಕೊಂಡರೋ ಅದೇ ಕಪ್ಪು ಜನ. ಆ ತಿಂಗಳ 28ರಂದು ಸಹಿ ಬಿತ್ತು. 1990ರಲ್ಲಿ ಬಂದ ಅಲ್ಲಿನ ಕಾಯಿದೆ ಖಾಸಗಿ ಮಾಲೀಕರನ್ನೂ ಹಿಡಿಯಿತು. 15 ಜನರಿಗಿಂತ ಕಡಿಮೆ ಕೆಲಸಗಾರರಿರುವವರಿಗೆ ಮಾತ್ರ ವಿನಾಯಿತಿ. ಜರ್ಮನಿಯಲ್ಲಿ 20 ಜನರಿರುವ ಕಾರ್ಖಾನೆಯಿಂದ ಮೇಲಕ್ಕೆ ಶೇಕಡಾ 5 ಕೆಲಸ ತೀವ್ರ ಅಂಗವಿಕಲರಿಗೆ ಕೊಡಬೇಕು, ಇಲ್ಲವೆ ಪ್ರತಿ ಹುದ್ದೆಗೂ ಹಣ ಕಟ್ಟಬೇಕು. ಅಲ್ಲಿನ ಕಾರ್ಖಾನೆಗಳೇನೂ ಮುಚ್ಚಿಹೋಗಿಲ್ಲ.

ನಮ್ಮ ಸಣ್ಣ ಮಾಲೀಕರು ತಮಗೆ ಶಕ್ತಿಯಿಲ್ಲ ಎನ್ನುತ್ತಾರೆ. ಏಳೆಂಟು ಜನರ ಶೆಡ್ಡು ನಡೆಸುವವನ ಕಷ್ಟ ನಮಗೂ ಗೊತ್ತು. ಅಂಥವನಿಗೆ ಸರ್ಕಾರ ನೆರವು ಕೊಡಲಿ, ನಮ್ಮ ತಕರಾರಿಲ್ಲ. ಆದರೆ ಆ ಶೆಡ್ಡಿನಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿಗಳಿಗೂ ಶಕ್ತಿಯಿಲ್ಲವೆ? ಪ್ಯಾಕಿಂಗ್, ಸ್ಟೋರು, ಗೇಜು ಹಿಡಿದು ಅಳತೆ ನೋಡುವುದು, ರಿಜಿಸ್ಟರ್ ಬರೆಯುವುದು, ಇಂಥ ಕೆಲಸಗಳಿಗೆ ಒಂದು ತೋರುಬೆರಳು ಕಡಿಮೆಯಿದ್ದರೆ ಏನು ಮುಳುಗಿ ಹೋಗುತ್ತದೆ?

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. 2016ರ ಕಾಯಿದೆಯ 20ನೇ ಕಲಮಿನ ನಾಲ್ಕನೇ ಉಪಕಲಮಿನಿಂದ 'ಸರ್ಕಾರಿ' ಎಂಬ ಪದ ಹೋಗಬೇಕು. ಯಾರ ಯಂತ್ರದಲ್ಲಿ ಕೈ ಹೋಯಿತೋ ಅವರೇ ಕೆಲಸ ಕೊಡಬೇಕು, ಕಂಟ್ರಾಕ್ಟ್ ಕೆಲಸಗಾರನಾದರೆ ಮೂಲ ಮಾಲೀಕನೇ ಹೊಣೆ ಹೊರಬೇಕು. ಕಾರ್ಖಾನೆ ನೋಡಲು ಹೋಗುವ ಅಧಿಕಾರಿಗಳಿಗೆ ಈ ಕಾಯಿದೆಯನ್ನೂ ನೋಡುವ ಅಧಿಕಾರ ಕೊಡಬೇಕು. ಆಯುಕ್ತರ ಮಾತಿಗೆ ಆದೇಶದ ಬಲ ಬರಬೇಕು.

ಅದು ಆಗುವ ತನಕ ಕೈ ಕಟ್ಟಿ ಕೂರಬೇಕಾಗಿಲ್ಲ. ಇರುವ ಕಾನೂನನ್ನೇ ಹಿಡಿದು ಮಾಡಬಹುದಾದ ಕೆಲಸವಿದೆ. ಅದಕ್ಕೆ ಓದು ಬರಹ ಬಲ್ಲ ಹಾಸ್ಟೆಲ್ ಹುಡುಗ ಹುಡುಗಿಯರೇ ಬೇಕು.

ಒಂದು, 21ನೇ ಕಲಮಿನ ಪ್ರಕಾರ ಖಾಸಗಿಯವರೂ ಸೇರಿ ಪ್ರತಿ ಸಂಸ್ಥೆ ಸಮಾನ ಅವಕಾಶದ ನೀತಿಯೊಂದನ್ನು ಬರೆದು ಪ್ರಕಟಿಸಬೇಕು, ಅದರ ಪ್ರತಿಯನ್ನು ಆಯುಕ್ತರ ಬಳಿ ನೋಂದಾಯಿಸಬೇಕು. 20 ಜನ ಮತ್ತು ಅದಕ್ಕಿಂತ ಹೆಚ್ಚು ಇರುವ ಕಡೆ ಅಂಗವಿಕಲರಿಗೆ ಯಾವ ಕೆಲಸಗಳು ಒಗ್ಗುತ್ತವೆ ಎಂಬ ಪಟ್ಟಿಯೂ ಅದರಲ್ಲಿರಬೇಕು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳವರು ಇದನ್ನು ಚಂದದ ಇಂಗ್ಲಿಷಿನಲ್ಲಿ ವೆಬ್‌ಸೈಟಿಗೆ ಹಾಕುತ್ತಾರೆ. ವೆಬ್‌ಸೈಟೇ ಇಲ್ಲದ ಪೀಣ್ಯದ ಶೆಡ್ಡುಗಳಲ್ಲಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು. ಎಷ್ಟು ಕಾರ್ಖಾನೆಗಳು ನೋಂದಾಯಿಸಿವೆ ಎಂದು 10 ರೂಪಾಯಿ ಕಟ್ಟಿ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಆಯುಕ್ತರ ಕಚೇರಿಗೆ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನು ನಮಗೆ ಕಳಿಸಿ, ಈ ಹಾಳೆಯಲ್ಲಿ ಅಚ್ಚು ಹಾಕುತ್ತೇವೆ.

ಎರಡು, ಕೈಗೆ ಪೆಟ್ಟಾದವನ ಹತ್ತಿರ ಅವತ್ತೇ ಕಾಗದ ಮಾಡಿಸಿ. ಯಾವ ಯಂತ್ರ, ಎಷ್ಟು ಗಂಟೆ, ಯಾರು ಜೊತೆಗಿದ್ದರು, ಗಾರ್ಡ್ ಇತ್ತೋ ಇಲ್ಲವೋ. ಹಾಜರಿ ಚೀಟಿ, ಸಂಬಳದ ಚೀಟಿ, ಆಸ್ಪತ್ರೆಯ ಚೀಟಿ ಜೋಪಾನ.

ಮೂರು, ಸರ್ಕಾರಿ ಮೀಸಲಾತಿಗೆ ಶೇಕಡಾ 40ರ ಸರ್ಟಿಫಿಕೇಟು ಬೇಕು. ಎರಡು ಬೆರಳು ಹೋದವನಿಗೆ ಅದು ಸಿಗದೆ ಹೋಗಬಹುದು. ಆದರೆ ತಾರತಮ್ಯ ಮಾಡಬಾರದೆಂಬ 3ನೇ ಕಲಮಿನಲ್ಲಿ 40ರ ಮಾತೇ ಇಲ್ಲ. 'ನಿನಗೆ 40 ಆಗಿಲ್ಲ, ಹೋಗು' ಎಂದು ಯಾರಾದರೂ ಹೆದರಿಸಿದರೆ ಈ ಕಲಮು ತೋರಿಸಿ. ಮೊದಲು ಮಾಲೀಕನಿಗೆ ಬರಹದಲ್ಲಿ ದೂರು ಕೊಡಿಸಿ, ಆಮೇಲೆ ರಾಜ್ಯ ಆಯುಕ್ತರಿಗೆ. ಕೇಂದ್ರದ 2017ರ ನಿಯಮಗಳಲ್ಲಿ ಇಂಥ ದೂರಿಗೆ 60 ದಿನದ ಗಡುವಿದೆ.

ಒಬ್ಬನೇ ಗೇಟಿನ ಮುಂದೆ ನಿಂತರೆ ಸೆಕ್ಯುರಿಟಿಯವನು ಓಡಿಸುತ್ತಾನೆ. ಕಾಗದ ಹಿಡಿದ ಹತ್ತು ಜನ ಅವನ ಜೊತೆ ನಿಂತರೆ ಆಫೀಸಿನವರು ಹೊರಗೆ ಬಂದು ಮಾತಾಡುತ್ತಾರೆ. ಬರುವ ಭಾನುವಾರದಿಂದಲೇ ನಿಮ್ಮ ನಿಮ್ಮ ಬೀದಿಗಳಲ್ಲಿ, ವಠಾರಗಳಲ್ಲಿ ಬೆರಳು, ಕೈ, ಕಣ್ಣು ಕಳೆದುಕೊಂಡು ಕೆಲಸ ಬಿಟ್ಟು ಕೂತವರು ಯಾರಿದ್ದಾರೆ ಎಂದು ವಿಚಾರಿಸಿ. ಅವರ ಒಪ್ಪಿಗೆ ಪಡೆದು ಅರ್ಜಿ ಬರೆದುಕೊಡಿ. ಮುಂದಿನ ಸಭೆಗೆ ಅವರನ್ನೂ ಕರೆದುಕೊಂಡು ಬನ್ನಿ. ಮೆಟ್ಟಿಲಿಲ್ಲದ ಜಾಗದಲ್ಲೇ ಸಭೆ ಇಡುತ್ತೇವೆ.